ಹಿತ್ತಿಲಲ್ಲಿ ಕೂವೆಗೆಡ್ಡೆಯ ಬೆಳೆ

ಮನೆಯಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟಾಗ ನಮ್ಮ ಹಿರಿಯರು ನೆನೆಯುತ್ತಿದ್ದುದು ಕೂವೆಹಿಟ್ಟಿನ ಗಂಜಿಯನ್ನು. ಅಂಗಡಿಯಲ್ಲಿ ಆರಾರೂಟೆಂದು ಮಾರುವ ಪುಡಿಯಲ್ಲಿ ಮರಗೆಣಸಿನ ಅಗ್ಗದ ಹಿಟ್ಟು ಬೆರೆತಿರುವುದುಂಟು. ಕಣ್ಣಿಗೆ ಭೇದ ತಿಳಿಯದು. ಹಿತ್ತಿಲಲ್ಲಿ ಸ್ವಲ್ಪ ನೆಲವುಳ್ಳ ಗೃಹಿಣಿಯು ಶುದ್ಧವಾದ ಹಿಟ್ಟನ್ನು ತಾನೇ ಮಾಡಿಕೊಳ್ಳಬಹುದು.

ಈ ಗಿಡದ ತವರು ಅಮೆರಿಕಾ ಖಂಡದ ಉಷ್ಣಪ್ರದೇಶ. ವೆಸ್ಟ್ ಇಂಡೀಸಿನ ಸೇಂಟ್ ವಿನ್ಸೆಂಟ್ ದ್ವೀಪವು ಇದರ ಹಿಟ್ಟಿಗೆ ಬಹುಕಾಲದಿಂದ ಹೆಸರಾದುದು. ನಮ್ಮ ಕರಾವಳಿಯ ಹಿತ್ತಿಲುಗಳಲ್ಲಿಯೂ ಇದು ಬೆಳೆಯುತ್ತದೆ. ಅರಿಸಿನದ ಜಾತಿಯ ಬೇರೊಂದು ಗಿಡಕ್ಕೂ ಕೂವೆಯೆಂಬ ಹೆಸರಿರುವುದರಿಂದ, ಬಿತ್ತನೆಯ ಗೆಡ್ಡೆಯನ್ನು ಬಲ್ಲವರಿಂದಲೇ ತರತಕ್ಕದ್ದು.

ಮುಂಗಾರು ಮಳೆ ಬಿದ್ದೊಡನೆ ಹಳೆಯ ಗೊಬ್ಬರ ಬೆರಸಿದ ಸಡಿಲ ಮಣ್ಣಿನಲ್ಲಿ, ಎರಡು ಮೂರು ಕಣ್ಣುಗಳುಳ್ಳ ತುಂಡುಗಳನ್ನು ಸುಮಾರು 1 ಅಡಿಯ ಅಂತರದಲ್ಲಿ 2-3 ಅಂಗುಲ ಆಳಕ್ಕೆ ನೆಡಬೇಕು. ತೆಂಗು ಬಾಳೆಗಳ ಅರೆನೆರಳು ಇದಕ್ಕೆ ಬಾಧಕವಲ್ಲ; ಬುಡದಲ್ಲಿ ನೀರು ನಿಲ್ಲುವುದು ಮಾತ್ರ ಬಾಧಕ. 10-11 ತಿಂಗಳು ತುಂಬಿ ಎಲೆಗಳು ಹಳದಿಯಾಗಿ ಬಾಗಿದಾಗ ಅಗೆಯತಕ್ಕದ್ದು. ತಡಮಾಡಿದರೆ ಗೆಡ್ಡೆಯಲ್ಲಿ ನಾರು ಬಲಿತು ಹಿಟ್ಟು ಬಿಡುವುದು ಕಷ್ಟ.

ಅಗೆದ ಗೆಡ್ಡೆಗಳನ್ನು ಒಂದೆರಡು ದಿನಗಳೊಳಗಾಗಿ ತೊಳೆದು, ಕಾಗದದಂತಹ ಹೊರಸಿಪ್ಪೆಯನ್ನು ಪೂರ್ಣವಾಗಿ ತೆಗೆಯಬೇಕು. ಅದು ಉಳಿದರೆ ಹಿಟ್ಟು ಕಹಿಯಾಗುವುದು. ಬಳಿಕ ಒರಳಿನಲ್ಲಿ ರುಬ್ಬಿ, ಧಾರಾಳವಾಗಿ ನೀರು ಬೆರಸಿ, ತೆಳುಬಟ್ಟೆಯಲ್ಲಿ ಸೋಸಿ, ಕೆಲವು ಗಂಟೆ ಅಲುಗಿಸದೆ ಇಡಬೇಕು. ಹಿಟ್ಟು ತಳಕ್ಕಿಳಿದ ಮೇಲೆ ನೀರನ್ನು ಬಸಿದು ಹೊಸ ನೀರು ಹಾಕಿ ಕಲಕಬೇಕು. ಮೇಲಣ ನೀರು ತಿಳಿಯಾಗುವ ತನಕ ಹೀಗೆಯೇ ಮಾಡಿ, ಹಿಟ್ಟನ್ನು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸತಕ್ಕದ್ದು. ಗೆಡ್ಡೆಯ ತೂಕದ ಐದನೆಯ ಒಂದು ಪಾಲು ಹಿಟ್ಟು ದೊರೆತರೆ ಬಹಳವಾಯಿತು.

ಗಂಜಿ ಮಾಡುವಾಗ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಿ ಅನಂತರ ಕುದಿಸಬೇಕು. ಬಿಸಿನೀರಿಗೆ ಸುರಿದರೆ ಗಂಟುಕಟ್ಟುವುದು.

ತಾಯಂದಿರು ಒಂದು ಮಾತನ್ನು ಮರೆಯಬಾರದು. ಕೂವೆಹಿಟ್ಟು ಸುಲಭವಾಗಿ ಜೀರ್ಣವಾಗುವುದು ನಿಜ. ಆದರೆ ಅದು ಬಹುಮಟ್ಟಿಗೆ ಬರಿಯ ಪಿಷ್ಟ, ದೇಹವನ್ನು ಬೆಳೆಯಿಸುವ ಸಸಾರಜನಕ ಅದರಲ್ಲಿ ಇಲ್ಲವೆನ್ನುವಷ್ಟು ಕಡಮೆ. ಆರು ತಿಂಗಳು ತುಂಬದ ಶಿಶುವಿಗೆ ತಾಯಿಯ ಹಾಲೇ ಆಹಾರ. ಅನಂತರವೂ ಕೂವೆಗಂಜಿಯೊಂದನ್ನೇ ನಂಬಿದರೆ, ಹೊಟ್ಟೆ ತುಂಬಿದಂತೆ ತೋರುವ ಮಗುವೂ ಒಳಗಿಂದ ಸೊರಗುವುದು. ಭೇದಿಯು ನಿಲ್ಲದಿದ್ದರೆ ಗಂಜಿಯನ್ನು ನೆಚ್ಚಿ ಕೂರದೆ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು. ಒಂದು ವಸ್ತುವಿನ ಗುಣವನ್ನೂ ಮಿತಿಯನ್ನೂ ಅರಿತು ಬಳಸುವುದೇ ಗೃಹಿಣಿಯ ಜಾಣ್ಮೆಯಲ್ಲವೇ?