ವೇಂಬನಾಡಿನಲ್ಲಿ ಬೇಸಿಗೆಯ ಗಾಳ: ದೊಡ್ಡ ಕಾಳಾಂಜಿ ಸಿಕ್ಕರೆ ಮರಳಿ ಬಿಡಿ

ಕೊಚ್ಚಿ: ಏಪ್ರಿಲ್, ಮೇ ತಿಂಗಳ ರಜೆ ಬಂತೆಂದರೆ ಕೇರಳದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಿಗೆ ಊರಿನಿಂದ ನೆಂಟರು, ಮಕ್ಕಳು ಬರುವುದು ವಾಡಿಕೆ. ಬೆಳಗ್ಗೆ ಹಿನ್ನೀರಿನ ದಡಕ್ಕೆ ಹೋದರೆ ಚೀನೀ ಬಲೆಗಳ ಆಚೀಚೆ ರಾಡ್, ರೀಲ್ ಹಿಡಿದು ನಿಂತ ಹವ್ಯಾಸಿಗಳು ಕಾಣಸಿಗುತ್ತಾರೆ. ಅವರಲ್ಲಿ ಬಹುತೇಕರ ಕಣ್ಣು ಕಾಳಾಂಜಿಯ ಮೇಲೆ. ಕಾರವಾರ, ಗೋವಾ ಕಡೆಯ ಕೊಂಕಣಿಗರು ಚೊಣಕ್ ಎಂದು ಕರೆಯುವ ಮೀನು ಇದೇ. ಇಂಗ್ಲಿಷಿನಲ್ಲಿ ಏಷ್ಯನ್ ಸೀಬಾಸ್.

ಸುಮಾರು 96 ಕಿ.ಮೀ. ಉದ್ದದ ವೇಂಬನಾಡು ದೇಶದ ಅತಿ ಉದ್ದದ ಸರೋವರ. 2002ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದೆ. ಇಷ್ಟು ದೊಡ್ಡ ನೀರಿನಲ್ಲಿ ಮೀನು ಎಲ್ಲೆಡೆ ಇರುವುದಿಲ್ಲ. ಎಲ್ಲಿ, ಯಾವಾಗ ಎಂದು ತಿಳಿದವನಿಗೇ ಗಾಳ ಫಲಿಸುತ್ತದೆ.

ಹೊತ್ತು ಮತ್ತು ಹರಿವು

ಬೇಸಿಗೆಯ ನಡುಹಗಲಲ್ಲಿ ನೀರು ಕಾದು ಆಮ್ಲಜನಕ ಕಡಿಮೆಯಾಗುತ್ತದೆ, ಮೀನು ಮಂಕಾಗುತ್ತದೆ. ಸೂರ್ಯೋದಯಕ್ಕೆ ಮುಂಚಿನ ಮತ್ತು ಸೂರ್ಯಾಸ್ತದ ಹೊತ್ತು ಉತ್ತಮ. ಅದಕ್ಕಿಂತಲೂ ಮುಖ್ಯವಾದದ್ದು ಉಬ್ಬರವಿಳಿತ. ನೀರು ನಿಂತಾಗ ಕಾಳಾಂಜಿ ಬಾಯಿ ತೆರೆಯುವುದು ಅಪರೂಪ. ಇಳಿತದಲ್ಲಿ ತೋಡುಗಳ ನೀರು ಸರೋವರಕ್ಕೆ ಹರಿಯುವಾಗ ಸಿಗಡಿ, ಸಣ್ಣ ಮೀನು ಕೊಚ್ಚಿಕೊಂಡು ಬರುತ್ತವೆ. ಕಾಳಾಂಜಿ ತೋಡಿನ ಬಾಯಲ್ಲಿ ಹೊಂಚು ಹಾಕಿರುತ್ತದೆ. ಸೇತುವೆಯ ಕಂಬ, ಕಾಂಡ್ಲಾ ಗಿಡದ ಬೇರು, ದೋಣಿಕಟ್ಟೆಯ ನೆರಳು ಅದರ ಇತರ ಠಾವುಗಳು.

ಯಾವ ಲೂರ್?

ಮುಂಜಾನೆ ನೀರಿನ ಮೇಲೆ ಸದ್ದು ಮಾಡುತ್ತ ಸಾಗುವ ಪಾಪರ್, ಬಿಸಿಲೇರಿದ ಮೇಲೆ 3ರಿಂದ 5 ಇಂಚಿನ ಮುಳುಗುವ ಮಿನ್ನೋ, ಆಳದಲ್ಲಿ ನಿಧಾನವಾಗಿ ಎಳೆಯುವ ರಬ್ಬರ್ ಮೀನು, ಈ ಮೂರು ಇದ್ದರೆ ಸಾಕು. ತಿಳಿನೀರಿಗೆ ಬೆಳ್ಳಿ ಬಣ್ಣ, ಕಲಕಿದ ನೀರಿಗೆ ಚಿನ್ನದ ಬಣ್ಣ ಒಪ್ಪುತ್ತದೆ. ಕಾಳಾಂಜಿಯ ಕಿವಿರಿನ ಮುಚ್ಚಳ ಬ್ಲೇಡಿನಂತೆ ಹರಿತ. ಮೇಲಕ್ಕೆ ಹಾರಿ ತಲೆ ಕೊಡವಿದಾಗ ತೆಳು ದಾರ ತುಂಡಾಗುತ್ತದೆ. ಆದ್ದರಿಂದ ಲೂರಿನ ಮುಂದೆ ದಪ್ಪ ಲೀಡರ್ ಕಟ್ಟುವುದು ಕಡ್ಡಾಯ.

ತಿರುವನಂತಪುರದಲ್ಲಿರುವವರಿಗೆ ಹತ್ತಿರದ್ದು ವೆಳ್ಳಾಯಣಿ ಸರೋವರ. ಅದು ಸಿಹಿನೀರು. ಅಲ್ಲಿ ಹಾವಿನಂಥ ತಲೆಯ ವರಾಲ್ ಮೀನಿಗೆ ರಬ್ಬರಿನ ಕಪ್ಪೆ ಬೇಕು. ತಾವರೆ ಎಲೆಗಳ ಮೇಲೆ ಅದನ್ನು ಕುಪ್ಪಳಿಸಿ, ಮೀನು ನುಂಗಿದ ಮೇಲೆ ಒಂದೆರಡು ಎಣಿಸಿ ಎಳೆಯುವುದು ಕ್ರಮ. ಆದರೆ ಕೆಂಪು ಮರಿಗಳ ಗುಂಪು ಕಂಡಲ್ಲಿ ಕಪ್ಪೆ ಎಸೆಯಬಾರದು. ಮರಿ ಕಾಯುವ ತಾಯಿ-ತಂದೆ ಹಸಿವಿನಿಂದಲ್ಲ, ಸಿಟ್ಟಿನಿಂದ ಎರಗುತ್ತವೆ. ಅವನ್ನು ಹಿಡಿದರೆ ಮರಿಗಳು ಬೇರೆ ಮೀನುಗಳ ಪಾಲು.

ದೊಡ್ಡದೆಲ್ಲ ಹೆಣ್ಣು

ಕಾಳಾಂಜಿಯ ವಿಷಯದಲ್ಲೂ ಇಂಥದೇ ಎಚ್ಚರ ಬೇಕು. ಈ ಮೀನು ಮೊದಲು ಗಂಡಾಗಿ ಬಲಿತು, ಕೆಲವು ವರ್ಷಗಳ ನಂತರ ಹೆಣ್ಣಾಗುತ್ತದೆ. ಆದ್ದರಿಂದ ಫೋಟೋಕ್ಕೆ ಎತ್ತಿ ಹಿಡಿಯುವ ಭಾರೀ ಮೀನು ಬಹುಮಟ್ಟಿಗೆ ಲಕ್ಷಗಟ್ಟಲೆ ಮೊಟ್ಟೆಯಿಡಬಲ್ಲ ತಾಯಿ. ಮೊಟ್ಟೆಯಿಡಲು ಅದಕ್ಕೆ ಉಪ್ಪುನೀರೇ ಬೇಕು. ಮರಿಗಳು ಬೆಳೆಯಲು ಹಿನ್ನೀರಿಗೆ ಬರಬೇಕು. ಕುಟ್ಟನಾಡಿನ ಭತ್ತಕ್ಕೆ ಉಪ್ಪು ತಾಗದಂತೆ 1970ರ ದಶಕದಲ್ಲಿ ಕಟ್ಟಿದ ತಣ್ಣೀರ್‌ಮುಕ್ಕಂ ಒಡ್ಡು ಬೇಸಿಗೆಯ ಮೊದಲ ತಿಂಗಳುಗಳಲ್ಲಿ ಮುಚ್ಚಿರುವುದರಿಂದ ಆ ದಾರಿ ಅರ್ಧಕ್ಕೇ ನಿಲ್ಲುತ್ತದೆ. ರೈತನಿಗೆ ಬೇಕಾದ ಒಡ್ಡು ಮೀನಿಗೂ ಮೀನುಗಾರನಿಗೂ ತೊಡಕು. ಬೆಂಗಳೂರು ಮೂಲದ ಏಟ್ರೀ ಸಂಸ್ಥೆ 2008ರಲ್ಲಿ ಸ್ಥಳೀಯರೊಂದಿಗೆ ಇಲ್ಲಿ ಮೀನು ಗಣತಿ ಆರಂಭಿಸಿದ್ದು ಈ ಸರೋವರದ ಮೀನುಸಂಪತ್ತಿನ ಲೆಕ್ಕ ಇಡಲೆಂದೇ.

ಬಿಡುವುದಕ್ಕೂ ಕ್ರಮವಿದೆ. ಗಾಳದ ಮುಳ್ಳನ್ನು ಇಕ್ಕಳದಿಂದ ಮೊದಲೇ ಚಪ್ಪಟೆ ಮಾಡಿರಬೇಕು. ಕೈ ಒದ್ದೆ ಮಾಡಿಕೊಂಡು, ಹೊಟ್ಟೆಗೆ ಆಸರೆ ಕೊಟ್ಟು ಹಿಡಿಯಬೇಕು. ದವಡೆಯಿಂದ ನೇತುಹಾಕಬಾರದು. ಬಿಸಿನೀರಿನ ದಿನಗಳಲ್ಲಿ ಹೆಚ್ಚು ಹೊತ್ತು ಆಟವಾಡಿಸಿದ ಮೀನು ಬಿಟ್ಟ ಮೇಲೂ ಸಾಯಬಹುದು. ಫೋಟೋ ಬೇಕಿದ್ದರೆ ಒಂದೇ, ಅದೂ ಬೇಗ.

ಹಾಗಾದರೆ ಊಟಕ್ಕೆ? ಚೆನ್ನೈನ ಕೇಂದ್ರೀಯ ಉಪ್ಪುನೀರು ಜಲಕೃಷಿ ಸಂಸ್ಥೆ 1997ರಲ್ಲೇ ಕಾಳಾಂಜಿಯ ಮರಿ ಉತ್ಪಾದನೆಯಲ್ಲಿ ಯಶಸ್ಸು ಕಂಡಿದೆ. ಪಂಜರದಲ್ಲಿ ಸಾಕಿದ ಕಾಳಾಂಜಿ ಕೇರಳದ ಮಾರುಕಟ್ಟೆಯಲ್ಲಿ ಸಿಗುತ್ತದೆ.

ಚೀನೀ ಬಲೆ, ಊನ್ನಿ ಬಲೆಗಳ ಹತ್ತಿರ ಲೂರ್ ಎಸೆಯದಿರುವುದೂ ಅಷ್ಟೇ ಮುಖ್ಯ. ಹವ್ಯಾಸಿಗೆ ಅದು ರಜೆಯ ಮೋಜು, ಬಲೆಯವನಿಗೆ ದಿನದ ಅನ್ನ. ಸಂಘದ ಬಂಧುಗಳು ಈ ಬಾರಿ ಮಕ್ಕಳನ್ನು ದಡಕ್ಕೆ ಕರೆದೊಯ್ದಾಗ ಮೀನು ಹಿಡಿಯುವುದರ ಜೊತೆಗೆ ಬಿಡುವುದನ್ನೂ ಕಲಿಸಲಿ.