ಊರಿಗೆ ಬಂದವಳು ನೀರಿಗಿಳಿಯದೆ ಹೋದಳು: ಜೀಡಿಮೆಟ್ಲಾದಿಂದ ಅರ್ಧ ದಿನದ ಬೋಟ್ ಪ್ರವಾಸ

ಜೀಡಿಮೆಟ್ಲಾ, ಸುಚಿತ್ರಾ, ಕೊಂಪಲ್ಲಿ ಕಡೆ ಮನೆ ಮಾಡ್ಕೊಂಡು ದಿನಾ ಹೈಟೆಕ್ ಸಿಟಿಗೆ ಓಡಾಡೋ ನಮ್ಮಂಥವರಿಗೆ ಒಂದು ಖಾಯಂ ಸಮಸ್ಯೆ ಇದೆ. ಊರಿಂದ ನೆಂಟರು ಬರ್ತಾರೆ, ಶನಿವಾರ ಒಂದು ಅರ್ಧ ದಿನ ಸಿಗುತ್ತೆ, ಅಷ್ಟರಲ್ಲಿ ಏನು ತೋರಿಸೋದು? ಫಿಲ್ಮ್ ಸಿಟಿ ಪೂರ್ತಿ ದಿನದ ಕೆಲಸ. ಗೋಲ್ಕೊಂಡ ಹತ್ತಿಸಿದ್ರೆ ಅಮ್ಮನ ಮೊಣಕಾಲು ಎರಡು ದಿನ ಮಾತಾಡುತ್ತೆ.

ನನ್ನ ಅಕ್ಕನ ಮನೆ ಕುಂದಾಪುರ. ಹೋದ ಚಳಿಗಾಲದಲ್ಲಿ ಅಕ್ಕ, ಭಾವ, ಹನ್ನೊಂದು ವರ್ಷದ ಸೊಸೆ ಮೂವರೂ ಬಂದಿದ್ರು. ಹುಡುಗಿ ಬ್ಯಾಗಲ್ಲಿ ಈಜುಡುಗೆ, ಕನ್ನಡಕ, ಟವೆಲ್ ಎಲ್ಲಾ ಇತ್ತು. ಯಾಕೆ ಅಂದ್ರೆ ಅವಳ ಕ್ಲಾಸಿನ ಗೆಳತಿ ಫುಕೆಟ್‌ಗೆ ಹೋಗಿ ಬಂದು ಕಥೆ ಹೇಳಿದ್ದಾಳೆ: ಬೆಳಗ್ಗೆ ಸ್ಪೀಡ್‌ಬೋಟು, ದ್ವೀಪದ ಹತ್ತಿರ ಈಜು, ಮಧ್ಯಾಹ್ನದೊಳಗೆ ಹಳೇ ಊರಿನ ಸುತ್ತಾಟ. ನಾನು ಫೋನಲ್ಲಿ ಬಾಯಿ ತಪ್ಪಿ, "ನಮ್ಮಲ್ಲೂ ಅದೇ ಇದೆ ಬಾರೇ, ಬೋಟಿದೆ, ಮಧ್ಯದಲ್ಲಿ ದ್ವೀಪ ಇದೆ, ಹಳೇ ಊರಂತೂ ಚಾರ್‌ಮಿನಾರೇ" ಅಂದಿದ್ದೆ. ಊರಿಗೆ ಬಂದವಳು ನೀರಿಗೆ ಬಾರದಿರ್ತಾಳಾ? ಬಂದಳು, ಟವೆಲ್ ಸಮೇತ.

ಮೊದಲು ದಾರಿ ಹೇಳ್ತೀನಿ. ಜೀಡಿಮೆಟ್ಲಾದಿಂದ ಕಾರಲ್ಲಿ ಹೋಗ್ಬೇಡಿ. ಬಾಲಾನಗರ್ ಮೆಟ್ರೋ ಸ್ಟೇಷನ್ ತನಕ ಆಟೋ, ಅಲ್ಲಿಂದ ಕೆಂಪು ಲೈನ್. ಲಕ್ಡಿ ಕಾ ಪೂಲ್ ಅಥವಾ ಅಸೆಂಬ್ಲಿ ಸ್ಟೇಷನ್‌ನಲ್ಲಿ ಇಳಿದ್ರೆ ಲುಂಬಿನಿ ಪಾರ್ಕ್‌ಗೆ ಸಣ್ಣ ಆಟೋ ಸವಾರಿ. ಬೋಟ್ ಮುಗಿಸಿ ಅದೇ ಲೈನ್‌ನಲ್ಲಿ ಮುಂದೆ ಹೋಗಿ ಎಂಜಿಬಿಎಸ್‌ನಲ್ಲಿ ಇಳಿದರೆ ಚಾರ್‌ಮಿನಾರ್ ಎರಡು ಮೂರು ಕಿಲೋಮೀಟರ್. ಬೆಳಗ್ಗೆ ಬೇಗ ಹೊರಟ್ರೆ ಊಟದ ಹೊತ್ತಿಗೆ ಎಲ್ಲಾ ಮುಗಿಯುತ್ತೆ.

ಬೋಟ್‌ನಲ್ಲಿ ಎರಡು ಥರ. ತೆಲಂಗಾಣ ಟೂರಿಸಂನವರ ದೊಡ್ಡ ಬೋಟು ಬುದ್ಧನ ಬಂಡೆಗೆ ಕರ್ಕೊಂಡು ಹೋಗಿ ಇಳಿಸಿ ವಾಪಸ್ ತರುತ್ತೆ. ಸ್ಪೀಡ್‌ಬೋಟ್ ನಾಲ್ಕೇ ಜನಕ್ಕೆ, ಕೆಲವೇ ನಿಮಿಷದ ಸುತ್ತು, ದುಡ್ಡು ಜಾಸ್ತಿ. ಮಕ್ಕಳಿದ್ರೆ ಎರಡೂ ಮಾಡಿ. ಲೈಫ್ ಜಾಕೆಟ್ ಹೆಗಲ ಮೇಲೆ ಸುಮ್ನೆ ನೇತಾಡಿಸಿ ಫೋಟೋ ತೆಗೆಸ್ಕೊಳ್ಳೋರೇ ಹೆಚ್ಚು. ಮಗುವಿನ ಜಾಕೆಟ್ ಬಕಲ್ ನೀವೇ ಎಳೆದು ನೋಡಿ. ಹಿಂದೆ ಕೂತವರಿಗೆ ನೀರು ಎರಚುತ್ತೆ. ಆ ನೀರಿನ ವಿಷಯಕ್ಕೇ ಬರ್ತಾ ಇದ್ದೀನಿ.

ಹುಸೇನ್ ಸಾಗರ್ ಸಮುದ್ರವೂ ಅಲ್ಲ, ತಾನಾಗಿ ಆದ ಸರೋವರವೂ ಅಲ್ಲ. 1562ರ ಸುಮಾರಿಗೆ, ಇಬ್ರಾಹಿಂ ಕುಲಿ ಕುತುಬ್ ಶಾ ಕಾಲದಲ್ಲಿ ಹುಸೇನ್ ಶಾ ವಲಿ ಕಟ್ಟಿಸಿದ ಕೆರೆ. ಅಂದ್ರೆ ಚಾರ್‌ಮಿನಾರ್‌ಗಿಂತ ಹಳೇದು. ಅದು ಕಟ್ಟಿದ್ದು 1591ರಲ್ಲಿ. ನಾವು ಬಸ್ಸಲ್ಲಿ ದಾಟೋ ಟ್ಯಾಂಕ್‌ಬಂಡ್ ಬೇರೇನೂ ಅಲ್ಲ, ಆ ಕೆರೆಯ ಏರಿ. ನಗರ ಬಹಳ ಕಾಲ ಈ ಕೆರೆಯ ನೀರನ್ನ ಕುಡಿದಿದೆ. ಏರಿಯ ಮೇಲೆ ಸಾಲಾಗಿ ಪ್ರತಿಮೆಗಳಿವೆ. ನೆಂಟರಿಗೆ ಅಲ್ಲಿ ಇಬ್ಬರನ್ನ ತೋರಿಸೋದು ಮರೀಬೇಡಿ: ಶ್ರೀಕೃಷ್ಣದೇವರಾಯ, ಆಮೇಲೆ ಬಳ್ಳಾರಿ ರಾಘವ. ವಕೀಲಿಕೆ ಮಾಡ್ತಾ ರಂಗಭೂಮಿಯಲ್ಲಿ ಹೆಸರು ಮಾಡಿದ ಬಳ್ಳಾರಿಯ ಮನುಷ್ಯ ಇಲ್ಲಿ ನಿಂತಿದ್ದಾರೆ ಅಂತ ನಮ್ಮವರಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಇನ್ನು ದ್ವೀಪ. ಅದು ಜಿಬ್ರಾಲ್ಟರ್ ರಾಕ್ ಅನ್ನೋ ಒಂದು ಬಂಡೆ, ಅದರ ಮೇಲೆ ಕಟ್ಟೆ. ಎನ್.ಟಿ. ರಾಮರಾವ್ ಮುಖ್ಯಮಂತ್ರಿ ಆಗಿದ್ದಾಗ ನ್ಯೂಯಾರ್ಕ್‌ನ ಲಿಬರ್ಟಿ ಪ್ರತಿಮೆ ನೋಡಿ ಬಂದು, ನಮಗೂ ಅಂಥದ್ದೊಂದು ಬೇಕು ಅಂದುಕೊಂಡ್ರು. ಭುವನಗಿರಿ ಹತ್ತಿರದ ರಾಯಗಿರಿಯಲ್ಲಿ ಒಂದೇ ಬಿಳಿ ಗ್ರಾನೈಟ್ ಕಲ್ಲು ಸಿಕ್ತು. ಗಣಪತಿ ಸ್ಥಪತಿಗಳ ಉಸ್ತುವಾರಿಯಲ್ಲಿ ಕೆತ್ತನೆ ಆಯ್ತು, ಸುಮಾರು 58 ಅಡಿ ಎತ್ತರ, ನೂರಾರು ಟನ್ ತೂಕ. ಅದನ್ನ ರಸ್ತೆಯಲ್ಲಿ ಕೆರೆ ದಡಕ್ಕೆ ತಂದದ್ದೇ ಒಂದು ಸಾಹಸ. ಆದ್ರೆ ನಿಜವಾದ ಕಷ್ಟ ಕಾದಿದ್ದದ್ದು ದಡದಿಂದ ಬಂಡೆವರೆಗಿನ ಆ ಸಣ್ಣ ದೂರದಲ್ಲಿ. 1990ರ ಮಾರ್ಚ್ 10ರಂದು ಪ್ರತಿಮೆ ಹೊತ್ತಿದ್ದ ತೆಪ್ಪ ವಾಲಿತು, ಬುದ್ಧ ನೀರೊಳಗೆ ಹೋದ, ಜೊತೆಗೆ ಕೆಲಸದವರೂ ಹೋದರು, ಹಲವರು ಸತ್ತರು. ಎರಡು ವರ್ಷಕ್ಕೂ ಹೆಚ್ಚು ಕಾಲ ಬುದ್ಧ ಕೆರೆಯ ತಳದ ಕೆಸರಲ್ಲಿ ಮಲಗಿದ್ದ. ಮೇಲೆತ್ತಿ ಬಂಡೆ ಮೇಲೆ ನಿಲ್ಲಿಸಿದ್ದು 1992ರ ಡಿಸೆಂಬರ್ 1ರಂದು. ಬೋಟಿಂದ ಇಳಿದವರು ಪ್ರತಿಮೆಗೆ ಬೆನ್ನು ಮಾಡಿ ಸೆಲ್ಫಿ ತೆಗೀತಾರೆ. ನಾನು ಪ್ರತೀ ಸಲ ತಿರುಗಿ ಆ ನೀರನ್ನ ನೋಡ್ತೀನಿ.

ಅಲ್ಲೇ ಸೊಸೆ ಕೇಳಿದ್ದು. "ಮಾಮ, ಎಲ್ಲಿ ಇಳಿಯೋದು ಈಜೋಕೆ?"

"ಇಲ್ಲಿ ಬಿಡಲ್ಲ ಪುಟ್ಟಿ."

"ಯಾಕೆ? ಮೊಸಳೆ ಇದ್ಯಾ?"

ಮೊಸಳೆ ಇದ್ದಿದ್ರೆ ಉತ್ತರ ಸುಲಭ ಇತ್ತು. "ನೀರು ಗಲೀಜು" ಅಂದೆ. "ಯಾರು ಮಾಡಿದ್ದು?" ಅಂದ್ಲು. ಸೌಪರ್ಣಿಕಾ ಹೊಳೆಯಲ್ಲಿ ಈಜು ಕಲಿತ ಹುಡುಗಿ. ಅವಳ ಲೆಕ್ಕದಲ್ಲಿ ನೀರು ಅಂದ್ರೆ ಇಳಿಯೋಕೆ ಇರೋದು.

ಉತ್ತರಕ್ಕೆ ನಮ್ಮ ಬೀದಿಯಿಂದಲೇ ಶುರು ಮಾಡ್ಬೇಕು. ಹುಸೇನ್ ಸಾಗರಕ್ಕೆ ಮುಖ್ಯವಾಗಿ ನಾಲ್ಕು ನಾಲಾಗಳು ಬಂದು ಸೇರುತ್ತವೆ: ಕೂಕಟ್‌ಪಲ್ಲಿ, ಪಿಕೆಟ್, ಬಂಜಾರಾ, ಬಲ್ಕಾಪುರ್. ಬೆಂಗಳೂರಲ್ಲಿ ರಾಜಕಾಲುವೆ ಅಂತೀವಲ್ಲ, ಅದಕ್ಕೇ ಇಲ್ಲಿ ನಾಲಾ ಅಂತಾರೆ. ಇವುಗಳಲ್ಲಿ ದೊಡ್ಡದು ಕೂಕಟ್‌ಪಲ್ಲಿ ನಾಲಾ. ಅದರ ಇಳಿಜಾರಿನಲ್ಲಿ ಇರೋದು ಕೂಕಟ್‌ಪಲ್ಲಿ, ಬಾಲಾನಗರ್, ಸನತ್‌ನಗರ್ ಮತ್ತು ನಮ್ಮ ಜೀಡಿಮೆಟ್ಲಾ. ಅಂದ್ರೆ ನಾವು ಮೆಟ್ರೋದಲ್ಲಿ ಹೋದ ಹಾಗೇ ನಮ್ಮ ಕಡೆಯ ನೀರೂ ಅಲ್ಲಿಗೇ ಹೋಗುತ್ತೆ, ಬೇಗಂಪೇಟ್ ಹಾದು, ಟಿಕೆಟ್ ಇಲ್ಲದೆ.

ಜೀಡಿಮೆಟ್ಲಾ ಬರೀ ಅಪಾರ್ಟ್‌ಮೆಂಟ್ ಅಲ್ಲ, ಮೊದಲಿಗೆ ಅದು ಇಂಡಸ್ಟ್ರಿಯಲ್ ಏರಿಯಾ. ಔಷಧಿಗೆ ಬೇಕಾದ ಮೂಲ ರಾಸಾಯನಿಕ ತಯಾರಿಸೋ ಕಾರ್ಖಾನೆಗಳು ಇಲ್ಲಿ ದಶಕಗಳಿಂದ ಇವೆ. ರಾತ್ರಿ ಗಾಳಿ ತಿರುಗಿದಾಗ ಮೂಗಿಗೆ ಗೊತ್ತಾಗುತ್ತಲ್ಲ, ಅದೇ. ಎಲ್ಲಾ ಕಾರ್ಖಾನೆಗಳ ತ್ಯಾಜ್ಯ ನೀರನ್ನ ಒಟ್ಟಿಗೆ ಸಂಸ್ಕರಿಸೋಕೆ 1980ರ ದಶಕದ ಕೊನೆಯಲ್ಲೇ ಇಲ್ಲೊಂದು ಸಾಮೂಹಿಕ ಘಟಕ ಬಂತು, ದೇಶದಲ್ಲಿ ಅಂಥ ಮೊದಮೊದಲಿನ ಘಟಕಗಳಲ್ಲಿ ಅದೂ ಒಂದು. ಆದ್ರೂ ಆ ಹೊತ್ತಿಗಾಗಲೇ ಕೆರೆ ತಳದ ಹೂಳಲ್ಲಿ ಭಾರ ಲೋಹಗಳು ಕೂತಾಗಿತ್ತು. ಮೇಲಿನ ನೀರು ಒಂದು ಮಳೆಗಾಲಕ್ಕೆ ಬದಲಾಗುತ್ತೆ, ಹೂಳು ಬದಲಾಗಲ್ಲ.

ಇಲ್ಲಿ ಒಂದು ಮಾತು ನೇರವಾಗಿ ಹೇಳ್ಬೇಕು. ಕಾರ್ಖಾನೆ ಕಡೆ ಬೆರಳು ತೋರಿಸಿ ನಾವು ತಪ್ಪಿಸಿಕೊಳ್ಳೋಕೆ ಆಗಲ್ಲ. ಇವತ್ತು ನಾಲಾದಲ್ಲಿ ಹರಿಯೋದರಲ್ಲಿ ಬಹುಪಾಲು ಮನೆಗಳ ನೀರು, ಶೌಚಾಲಯ, ಅಡುಗೆಮನೆ, ವಾಷಿಂಗ್ ಮೆಷಿನ್. ಬೆಳ್ಳಂದೂರು ಕೆರೆ ನೊರೆ ಉಗುಳ್ತಾ 2017ರಲ್ಲಿ ಬೆಂಕಿ ಹತ್ತಿದ್ದನ್ನ ಕಣ್ಣಾರೆ ನೋಡಿ ಬಂದವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಆ ನೊರೆಗೆ ದೊಡ್ಡ ಕಾರಣ ಸಂಸ್ಕರಿಸದೆ ಬಿಟ್ಟ ಮನೆಗಳ ಕೊಳಚೆ, ಅದರಲ್ಲಿದ್ದ ಡಿಟರ್ಜೆಂಟ್.

ನೀರು ಈಜೋಕೆ ಯೋಗ್ಯ ಅಂತ ಹೇಳೋಕೆ ಒಂದು ಅಳತೆ ಇದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನ ವರ್ಗಗಳಾಗಿ ವಿಂಗಡಿಸುತ್ತೆ. ಮೈ ಮುಳುಗಿಸಿ ಸ್ನಾನ ಮಾಡೋಕೆ 'ಬಿ' ವರ್ಗ ಬೇಕು. ಅದಕ್ಕೆ ಒಂದು ಲೀಟರ್ ನೀರಲ್ಲಿ ಕರಗಿದ ಆಮ್ಲಜನಕ 5 ಮಿಲಿಗ್ರಾಂಗಿಂತ ಕಡಿಮೆ ಇರಬಾರದು. ಬಿಓಡಿ 3 ಮಿಲಿಗ್ರಾಂ ದಾಟಬಾರದು. ಬಿಓಡಿ ಅಂದ್ರೆ ನೀರಲ್ಲಿರೋ ಕೊಳಕನ್ನ ತಿಂದು ಮುಗಿಸೋಕೆ ಬ್ಯಾಕ್ಟೀರಿಯಾಗಳು ಎಷ್ಟು ಆಮ್ಲಜನಕ ಬಳಸ್ಕೊಳ್ತವೆ ಅನ್ನೋ ಲೆಕ್ಕ. ಕೊಳಕು ಹೆಚ್ಚಿದ್ದಷ್ಟೂ ಸಂಖ್ಯೆ ಹೆಚ್ಚು, ಮೀನಿಗೆ ಉಸಿರು ಕಡಿಮೆ. ಇನ್ನು ಕೋಲಿಫಾರ್ಮ್ ಬ್ಯಾಕ್ಟೀರಿಯಾ 100 ಮಿಲಿಲೀಟರ್‌ಗೆ 500ರ ಒಳಗೆ ಇರಬೇಕು. ಕೆರೆ ದಡದಲ್ಲಿ ಕೊಳಚೆ ಸಂಸ್ಕರಣಾ ಘಟಕಗಳಿವೆ, ಅವು ಮೊದಲ ಎರಡು ಲೆಕ್ಕವನ್ನ ಸುಧಾರಿಸುತ್ತವೆ. ಆದ್ರೆ ರೋಗಾಣು ಸಾಯಿಸೋದು ಬೇರೆಯೇ ಹಂತ. ಜೋರು ಮಳೆ ಬಂದ್ರಂತೂ ನಾಲಾ ತುಂಬಿ, ಸಂಸ್ಕರಣೆಯ ಗೋಜಿಲ್ಲದೆ ಎಲ್ಲವೂ ನೇರ ಕೆರೆಗೆ ನುಗ್ಗುತ್ತೆ. ನೋಡೋಕೆ ತಿಳಿಯಾಗಿರೋ ನೀರಲ್ಲೂ ಇವು ಇರಬಹುದು. ಇದು ಕಣ್ಣಿಗೆ ಬಿಟ್ಟ ವಿಷಯ ಅಲ್ಲ.

ಇನ್ನೊಂದು ಸಂಗತಿ, ಇದು ನಮ್ಮ ನಾಲಾದ್ದಲ್ಲ, ಊರಿನ ಆ ಬದಿಯ ಪಟಾನ್‌ಚೆರುದ್ದು. 2007ರಲ್ಲಿ ಸ್ವೀಡನ್ನಿನ ಸಂಶೋಧಕರು ಅಲ್ಲಿ ಔಷಧಿ ಕಾರ್ಖಾನೆಗಳ ನೀರು ಸಂಸ್ಕರಿಸೋ ಒಂದು ಘಟಕದಿಂದ ಹೊರಬರೋ ನೀರನ್ನ ಪರೀಕ್ಷಿಸಿ ಪ್ರಕಟಿಸಿದ್ರು. ಸಿಪ್ರೊಫ್ಲಾಕ್ಸಾಸಿನ್ ಅನ್ನೋ ಆ್ಯಂಟಿಬಯೋಟಿಕ್ ಲೀಟರ್‌ಗೆ 31 ಮಿಲಿಗ್ರಾಂ ತನಕ ಇತ್ತು. ಅಂಥ ನೀರಲ್ಲಿ ಬದುಕಿ ಉಳಿಯೋ ಬ್ಯಾಕ್ಟೀರಿಯಾಕ್ಕೆ ಡಾಕ್ಟರ್ ಕೊಡೋ ಮಾತ್ರೆ ನಾಟಲ್ಲ. ಕಾರ್ಖಾನೆ ನೀರು ಸೇರೋ ಕಡೆ ಗಾಯ ಇರೋ ಕಾಲು ಅದ್ದಬೇಡಿ ಅಂತ ನಾನು ಹೇಳೋದು ಇದಕ್ಕೇ.

ಹಾಗಂತ ಬೋಟ್ ಹತ್ತೋಕೂ ಹೆದರಬೇಕಾಗಿಲ್ಲ. ಇದೇ ಕೆರೆಯಲ್ಲಿ ಮಕ್ಕಳು ಹಾಯಿದೋಣಿ ಕಲೀತಾರೆ, ಮಳೆಗಾಲದಲ್ಲಿ ಗಾಳಿ ಬೀಸೋವಾಗ ಸ್ಪರ್ಧೆಗಳು ನಡೀತವೆ, ದೋಣಿ ಮಗುಚಿ ನೀರಿಗೆ ಬೀಳೋರೂ ಇದ್ದಾರೆ. ಎರಚಲು ಬಿದ್ರೆ ಮುಖ ಒರೆಸ್ಕೊಳ್ಳಿ, ತಿನ್ನೋ ಮೊದಲು ಕೈ ತೊಳೀರಿ, ಅಷ್ಟು ಸಾಕು. ಬೇಕಂತ ಇಳಿಯೋದು, ಬಾಯಿಗೆ ನೀರು ಹೋಗೋ ಹಾಗೆ ಈಜೋದು ಬೇರೆ ಮಾತು.

ಸೊಸೆ ಇದನ್ನೆಲ್ಲಾ ಕೇಳಿ ಸುಮ್ಮನಾಗಿದ್ದಳು. ಭಾವ ಮಾತ್ರ, "ಅಂದ್ರೆ ನೀನು ಬೆಳಗ್ಗೆ ಸ್ನಾನ ಮಾಡಿದ ನೀರು ನಮಗಿಂತ ಮುಂಚೆ ಇಲ್ಲಿಗೆ ಬಂದಿದೆ ಅನ್ನು" ಅಂತ ನಕ್ಕರು.

ಅಲ್ಲಿಂದ ಹಳೇ ಊರಿಗೆ. ಎಂಜಿಬಿಎಸ್‌ನಲ್ಲಿ ಇಳಿದು ಆಟೋ ಹಿಡಿದ್ರೆ ಮೂಸಿ ನದಿ ದಾಟಬೇಕು. ನಯಾಪುಲ್ ಮೇಲೆ ಒಂದು ನಿಮಿಷ ನಿಲ್ಲಿ, ಕನ್ನಡದವರು ನಿಲ್ಲಲೇಬೇಕಾದ ಜಾಗ. 1908ರ ಸೆಪ್ಟೆಂಬರ್ 28ರಂದು ಈ ನದಿ ಉಕ್ಕಿ ಸಾವಿರಾರು ಜನರನ್ನ ತಗೊಂಡು ಹೋಯ್ತು. ಉಸ್ಮಾನಿಯಾ ಆಸ್ಪತ್ರೆ ಆವರಣದ ಒಂದು ಹುಣಸೆ ಮರ ಹತ್ತಿ ನೂರಕ್ಕೂ ಹೆಚ್ಚು ಜನ ಜೀವ ಉಳಿಸ್ಕೊಂಡ್ರು. ಆ ಮರವನ್ನ ಈಗಲೂ ತೋರಿಸ್ತಾರೆ. ಮರುವರ್ಷ ನಿಜಾಮ ಸರ್ಕಾರ ಕರೆಸಿದ್ದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನ. ಅವರು ನದಿಯನ್ನಷ್ಟೇ ನೋಡಲಿಲ್ಲ, ಮೇಲಿನ ಇಡೀ ಜಲಾನಯನವನ್ನ ನೋಡಿದ್ರು. ಅಲ್ಲಿ ಒಂದರ ಕೆಳಗೊಂದು ಕೆರೆಗಳ ಸರಪಳಿ ಇತ್ತು. ಒಂದು ಒಡೆದು ಇನ್ನೊಂದನ್ನ ಒಡೆದು, ಹೀಗೆ ನೂರಾರು ಕೆರೆ ಒಡೆದು ಬಂದ ನೀರು ಅದು. ಅವರ ಸಲಹೆಯಂತೆ ಮೇಲ್ಗಡೆ ಎರಡು ದೊಡ್ಡ ಜಲಾಶಯ ಬಂದವು: 1920ರಲ್ಲಿ ಉಸ್ಮಾನ್ ಸಾಗರ್, 1927ರಲ್ಲಿ ಹಿಮಾಯತ್ ಸಾಗರ್. ಪ್ರವಾಹವೂ ತಗ್ಗಿತು, ಕುಡಿಯೋ ನೀರೂ ಬಂತು. ಹುಸೇನ್ ಸಾಗರದ ನೀರು ಕುಡಿಯೋದು ತಪ್ಪಿದ್ದೂ ಆವಾಗಿನಿಂದಲೇ. ಕುಡಿಯಲ್ಲ ಅಂದಮೇಲೆ ಆ ಕೆರೆಗೆ ಏನು ಬಂದು ಸೇರಿದ್ರೂ ಯಾರೂ ಕೇಳೋರು ಇರಲಿಲ್ಲ ಅಂತ ನನಗನ್ಸುತ್ತೆ.

ಕೆರೆ ಸರಪಳಿ ಹಳೇ ಕಥೆ ಅಂದ್ಕೋಬೇಡಿ. 2020ರ ಅಕ್ಟೋಬರ್ ಮಳೆಗೆ ನಮ್ಮ ಪಕ್ಕದ ಫಾಕ್ಸ್ ಸಾಗರ್ ಕೆರೆ ತುಂಬಿ ಕೊಂಪಲ್ಲಿಯ ಉಮಾಮಹೇಶ್ವರ ಕಾಲೋನಿ ಎಷ್ಟೋ ದಿನ ನೀರಲ್ಲಿ ನಿಂತಿತ್ತು. ಫ್ಲಾಟ್ ನೋಡೋಕೆ ಹೋದಾಗ ವಾಸ್ತು ಕೇಳೋ ಮೊದಲು ಇಳಿಜಾರು ಯಾವ ಕಡೆ ಅಂತ ಕೇಳಿ.

ಚಾರ್‌ಮಿನಾರ್ ಬಗ್ಗೆ ಹೆಚ್ಚು ಹೇಳಲ್ಲ, ಎಲ್ಲರೂ ಹೇಳಿದ್ದಾರೆ. ಬೆಳಗ್ಗೆ ಅಂಗಡಿ ತೆರೆಯೋ ಹೊತ್ತಿಗೆ ಹೋದ್ರೆ ಲಾಡ್ ಬಜಾರ್‌ನಲ್ಲಿ ಅರಗಿನ ಬಳೆ ಮಾಡೋರನ್ನ ನಿಂತು ನೋಡಬಹುದು. ಮಕ್ಕಾ ಮಸೀದಿ ಪಕ್ಕದಲ್ಲೇ. ಕುತುಬ್ ಶಾಹಿಗಳು ಶುರು ಮಾಡಿದ್ದನ್ನ 1694ರಲ್ಲಿ ಮುಗಿಸಿದ್ದು ಔರಂಗಜೇಬ್. ಶುಕ್ರವಾರ ಬೇಡ: ಮಸೀದಿಯಲ್ಲಿ ಜನ, ಚೌಮಹಲ್ಲಾ ಅರಮನೆಗೆ ರಜೆ. ಇರಾನಿ ಚಾಯ್, ಉಸ್ಮಾನಿಯಾ ಬಿಸ್ಕತ್ತು ನಿಂತ್ಕೊಂಡೇ ಮುಗಿಸಿ. ಕನ್ನಡ ಕೇಳಬೇಕು ಅನ್ಸಿದ್ರೆ ವಾಪಸ್ ಬರ್ತಾ ಕಾಚಿಗುಡ ಇದೆ, ಅಲ್ಲಿ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ. ಬೀದರ್, ಕಲಬುರಗಿ, ರಾಯಚೂರು 1956ರ ತನಕ ಇದೇ ಹೈದರಾಬಾದ್ ರಾಜ್ಯದಲ್ಲಿದ್ದವು, ಐಟಿಯವರು ಬರೋಕಿಂತ ಎಷ್ಟೋ ಮುಂಚೆ ಇಲ್ಲಿ ಕನ್ನಡ ಇತ್ತು.

ಹಾಗಾದ್ರೆ ಈಜು? ಬೋಟು, ದ್ವೀಪ, ಈಜು, ಹಳೇ ಊರು ನಾಲ್ಕೂ ಅರ್ಧ ದಿನದಲ್ಲಿ ಬೇಕು ಅಂದ್ರೆ ಅದು ಸೊಸೆಯ ಊರಿನ ಹತ್ತಿರವೇ ಇದೆ. ಮಲ್ಪೆ ಬಂದರಿನಿಂದ ಸೇಂಟ್ ಮೇರೀಸ್ ದ್ವೀಪ, ವಾಪಸ್ ಬಂದು ಉಡುಪಿ ರಥಬೀದಿ. ಆ ದ್ವೀಪದ ಕಂಬದಂಥ ಬಂಡೆಗಳು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಕಳಚಿಕೊಳ್ಳೋ ಕಾಲದಲ್ಲಿ, ಲಾವಾ ಆರಿ ಆದವು. ಅಲ್ಲೂ ಎಲ್ಲಾ ಕಡೆ ಇಳಿಯೋ ಹಾಗಿಲ್ಲ, ಬಂಡೆ ಸಂದಿಯ ಸೆಳೆತಕ್ಕೆ ಪ್ರಾಣ ಕಳ್ಕೊಂಡವರಿದ್ದಾರೆ; ಗುರುತು ಹಾಕಿದ ಜಾಗದಲ್ಲಿ ಮಾತ್ರ ಇಳೀರಿ. ಮಳೆಗಾಲದಲ್ಲಿ ಬೋಟ್ ಇರಲ್ಲ. ಕಾಚಿಗುಡದಿಂದ ಉಡುಪಿ ಹಾದು ಮುರುಡೇಶ್ವರಕ್ಕೆ ನೇರ ರೈಲು ಈಗ ಇದೆ.

ಟವೆಲ್ ಒದ್ದೆಯಾಗಲಿಲ್ಲ. ಸಂಜೆ ಆಟೋ ಬಾಲಾನಗರದ ಹತ್ತಿರ ನಾಲಾ ದಾಟುವಾಗ ಸೊಸೆ ತಲೆ ಹೊರಗೆ ಹಾಕಿ, "ಮಾಮ, ಇದೇನಾ?" ಅಂದ್ಲು. ಹೂಂ ಅಂದೆ. ಮೂಗು ಮುಚ್ಕೊಂಡ್ಲು, ಆದ್ರೆ ಸೇತುವೆ ದಾಟೋ ತನಕ ನೋಡ್ತಾನೇ ಇದ್ಲು.