ಅಡಿಕೆ ಸುಲಿಯುವ ರಾತ್ರಿಯ ರಾಕ್

ಚಳಿಗಾಲದ ರಾತ್ರಿ. ಶಿರಸಿ ತಾಲ್ಲೂಕಿನ ವಾನಳ್ಳಿಯಲ್ಲೊಂದು ಮನೆಯಂಗಳ. ನಡುವೆ ಹಸಿ ಅಡಿಕೆಯ ರಾಶಿ, ಸುತ್ತ ಮೆಟ್ಟುಗತ್ತಿ ಹಾಕಿಕೊಂಡು ಕೂತ ಏಳೆಂಟು ಮಂದಿ. ಸಿಪ್ಪೆ ಚಕ್ಕೆಂದು ಬಿಡುತ್ತದೆ, ಬೇಳೆ ಬುಟ್ಟಿಗೆ ಬೀಳುತ್ತದೆ. ಮೂಲೆಯಲ್ಲಿ ಅಡಿಕೆ ಬೇಯುವ ಹಂಡೆಯಿಂದ ಚೊಗರಿನ ಘಾಟು. ನಿದ್ದೆ ಬರದಿರಲು ಹಾಡು ಬೇಕೇ ಬೇಕು. ಮೊಮ್ಮಗ ಮೊಬೈಲನ್ನು ಸ್ಟೀಲ್ ಚೊಂಬಿನೊಳಗೆ ನಿಲ್ಲಿಸಿದ್ದಾನೆ, ಸದ್ದು ಇಮ್ಮಡಿಯಾಗಿದೆ.

ಗಿಟಾರು ಮೊರೆಯಿತು, ಡ್ರಮ್ಮು ಕೂಡಿಕೊಂಡಿತು. ಪದ ಕೇಳಿದ್ದೇ ಅಜ್ಜನ ಕೈ ನಿಂತಿತು.

“ತಮಾ, ಇದು ಶರೀಫಜ್ಜನ ಗುಡುಗುಡಿ ಅಲ್ದನೋ?”

“ಹೌದು ಅಜ್ಜಾ. ರಘು ದೀಕ್ಷಿತ್ ಹೇಳಿದ್ದು.”

ಮೈಸೂರಿನಲ್ಲಿ ಬೆಳೆದ ಈ ಗಾಯಕನಿಗೆ ದೊಡ್ಡ ಕಂಪನಿಗಳ ಬಾಗಿಲು ವರ್ಷಗಟ್ಟಲೆ ತೆರೆಯಲಿಲ್ಲ. ಕೊನೆಗೆ 2008ರಲ್ಲಿ ಸಂಗೀತ ನಿರ್ದೇಶಕ ಜೋಡಿ ವಿಶಾಲ್–ಶೇಖರ್ ತಮ್ಮದೇ ಸಣ್ಣ ಲೇಬಲ್ ಕಟ್ಟಿ ಆತನ ಮೊದಲ ಆಲ್ಬಮ್ ಹೊರತಂದರು. ಕನ್ನಡ, ಹಿಂದಿ, ಇಂಗ್ಲಿಷ್ ಹಾಡುಗಳು ಒಂದೇ ಹೊದಿಕೆಯೊಳಗೆ ಕೂತವು.

ಸಿನಿಮಾದಾಚೆಯ ಹಾಡು ಅಜ್ಜನಿಗೇನೂ ಹೊಸತಲ್ಲ. 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂದಾಗ ಸಿನಿಮಾದ ಹಂಗಿಲ್ಲದ ಕನ್ನಡ ಹಾಡು ಮನೆಮನೆಗೆ ನಡೆದುಬಂದಿತ್ತು. ಆಮೇಲೆ ಸಿ. ಅಶ್ವತ್ಥರ ಶರೀಫ, ಯಕ್ಷಗಾನದ ಪದ್ಯ, ಎಲ್ಲವೂ ಅಟ್ಟದ ಮೇಲಿನ ಟ್ರಂಕಿನಲ್ಲಿವೆ. ಮೊಮ್ಮಗ ಒಂದನ್ನು ತಂದ. ಹಲವು ಗಾಯಕರ ಆಯ್ದ ಹಾಡುಗಳದು. ಮುಚ್ಚಳಕ್ಕೆ ಬೂಷ್ಟು ಹಿಡಿದಿದೆ, ಒಳಗಿನ ಚೀಟಿ ಮಾತ್ರ ಗಟ್ಟಿ. ಎ ಬದಿ, ಬಿ ಬದಿ. ಒಂದೊಂದು ಹಾಡಿನೆದುರೂ ಕವಿ, ಗಾಯಕ, ಸಂಗೀತ. ಕೆಳಗೆ ಅದೇ ಕಂಪನಿಯ ಬೇರೆ ಕ್ಯಾಸೆಟ್‌ಗಳ ಪಟ್ಟಿ.

ಇಂಥ ಆಯ್ದ ಹಾಡುಗಳ ಕ್ಯಾಸೆಟ್ಟಿನ ಜಾಣತನ ಅದರ ಕಟ್ಟಿನಲ್ಲೇ ಇತ್ತು. 60 ನಿಮಿಷದ ಕ್ಯಾಸೆಟ್ಟೆಂದರೆ ಬದಿಗೆ 30 ನಿಮಿಷ. ಹೆಸರಾದವರ ಹಾಡಿನ ಬೆನ್ನಿಗೇ ಹೊಸಬನದೊಂದು. ಹಾರಿಸೋಣವೆಂದರೆ ಟೇಪು ಓಡಿಸಿ ಜಾಗ ಹುಡುಕುವ ಉಸಾಬರಿ. ಕೈಯಲ್ಲಿ ಬೇರೆ ಅಡಿಕೆಯ ಚೊಗರು. ಹೀಗೆ ಮೊದಲು ಬೇಡವೆನಿಸಿದ ಹಾಡೇ ನಾಲ್ಕನೇ ರಾತ್ರಿಗೆ ಬಾಯಿಪಾಠವಾಗುತ್ತಿತ್ತು. ಸಣ್ಣ ಕಂಪನಿಗಳು ಹೊಸ ಕಂಠವನ್ನು ಕೇಳುಗನ ಕಿವಿಗೆ ಹತ್ತಿಸಿದ್ದು ಹೀಗೆ.

ಚೊಂಬಿನಲ್ಲೀಗ ಮತ್ತೊಂದು ರಾಕ್ ಹಾಡು.

“ಇದು ಯಾರದ್ದೋ?” ಅಜ್ಜ ಕೇಳಿದ.

ಮೊಮ್ಮಗನಿಗೆ ಗೊತ್ತಿಲ್ಲ. ಬೆರಳಿಗೆ ಚೊಗರು, ತೆರೆ ಮುಟ್ಟುವಂತಿಲ್ಲ. ಹಾಡು ಹೆಸರಿಲ್ಲದೆ ಮುಗಿಯಿತು.

ನೀವಾದರೂ ಮುಂದಿನ ಹಾಡಿಗೆ ಹೋಗುವ ಮೊದಲು ಕೈ ಒರೆಸಿಕೊಂಡು ಒಮ್ಮೆ ನೋಡಿ: ಹಾಡಿದವರು ಯಾರು?